ಬಚ್ಚಲು-ಅಡುಗೆಮನೆಯ ಗೀರು, ಕಲೆ, ಚಕ್ಕೆ: ಮನೆಯಲ್ಲೇ ಮಾಡಬಹುದಾದ ದುರಸ್ತಿ

2019ರ ಆಗಸ್ಟ್ ತಿಂಗಳಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ನೀರು 57 ಅಡಿಯನ್ನು ದಾಟಿತು. ಅಪಾಯದ ಮಟ್ಟ 45 ಅಡಿ. 2005ರ ಮಹಾಪೂರದಲ್ಲಿ 53 ಅಡಿ ಕಂಡವರು ಗೋಡೆಯ ಮೇಲೆ ಗುರುತು ಮಾಡಿಟ್ಟುಕೊಂಡು, ಇದಕ್ಕಿಂತ ಮೇಲೆ ಬರಲಾರದೆಂದು ನಂಬಿದ್ದರು. ಆ ಗುರುತೇ ಮುಳುಗಿತು. ಗಣಪತಿ ಪೇಠೆಯ ಹಿಂದಿನ ಓಣಿಯಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಮುಂದೆ ಅಂಗಡಿ, ಹಿಂದೆ ಅಡುಗೆಮನೆ ಮತ್ತು ಬಚ್ಚಲು, ಮಹಡಿಯ ಮೇಲೆ ಮಲಗುವ ಕೋಣೆಗಳು. ಕೆಳಗಿನದೆಲ್ಲವೂ ನೀರಿನಲ್ಲಿ ನಿಂತಿತು. ಅಣ್ಣ, ವೈನಿ, ಮಕ್ಕಳು ಮತ್ತು ನಮ್ಮ ಅವ್ವ ಮಿರಜಿಗೆ ನಮ್ಮ ಮನೆಗೆ ಬಂದು ಇದ್ದರು.

ನೀರು ಇಳಿದ ಮೇಲೆ ಅವ್ವನದು ಒಂದೇ ಹಟ. ಸೆಪ್ಟೆಂಬರ್ 3ಕ್ಕೆ ದಶಲಕ್ಷಣ ಪರ್ವ ಆರಂಭವಾಗುವುದಿತ್ತು. ಏಕಾಶನದ ವ್ರತ ಹಿಡಿದವಳು ತನ್ನ ಅಡುಗೆಮನೆಯಲ್ಲಿ, ತಾನು ಗಾಳಿಸಿದ ನೀರಿನಲ್ಲಿ ಮಾಡಿದ್ದನ್ನೇ ಉಣ್ಣುವವಳು. "ಹಬ್ಬಕ್ಕ ನನ್ನ ಒಲೀ ಮುಂದ ನಾ ಕುಂದ್ರಬೇಕು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಹೀಗಾಗಿ ನಾವೆಲ್ಲರೂ ಪೊರಕೆ, ಬಕೆಟ್ಟು, ತಂತಿಯ ಬ್ರಶ್ಶು ಹಿಡಿದುಕೊಂಡು ಸಾಂಗಲಿಗೆ ಹೋದೆವು. ಪೂರದ ಕೆಸರು ಮಾಡಿದ ಹಾನಿಗಿಂತ ನಮ್ಮ ಕೈಯಿಂದಾದ ಹಾನಿಯೇ ಹೆಚ್ಚಾಯಿತು ಎಂಬುದು ನಮಗೆ ಎಂಟು ದಿನಗಳ ಮೇಲೆ ತಿಳಿಯಿತು. ಆ ಅನುಭವವೇ ಈ ಲೇಖನಕ್ಕೆ ಕಾರಣ. ಪೂರ ಬರದ ಮನೆಗಳಲ್ಲಿಯೂ ಇದೇ ತಪ್ಪುಗಳು ನಿಧಾನವಾಗಿ, ವರ್ಷಾನುಗಟ್ಟಲೆ ನಡೆಯುತ್ತಿರುತ್ತವೆ.

ಮೊದಲು ಒಂದು ಎಚ್ಚರಿಕೆ

ದುರಸ್ತಿಯ ಮಾತಿಗಿಂತ ಮೊದಲು ಇದನ್ನು ಹೇಳಲೇಬೇಕು. ಪೂರದ ನಂತರ ಮನೆಮನೆಗೆ ಬ್ಲೀಚಿಂಗ್ ಪುಡಿ ಹಂಚುತ್ತಾರೆ. ವೈನಿ ಅದನ್ನು ಬಚ್ಚಲ ನೆಲದ ಮೇಲೂ ಕಮೋಡಿನಲ್ಲಿಯೂ ಧಾರಾಳವಾಗಿ ಉದುರಿಸಿದ್ದರು. ಕೆಲಸ ಬೇಗ ಮುಗಿಯಲೆಂದು ಅಣ್ಣನ ಮಗ ಅದರ ಮೇಲೆ ಆಸಿಡ್ ಬಾಟಲಿ ಸುರಿದ. ಕ್ಷಣಾರ್ಧದಲ್ಲಿ ಹಸಿರು-ಹಳದಿ ಛಾಯೆಯ, ಮೂಗು ಸುಡುವ ಹೊಗೆ ಎದ್ದಿತು. ಅದು ಕ್ಲೋರಿನ್ ಅನಿಲ. ಚಿಕ್ಕ ಬಚ್ಚಲು, ಒಂದೇ ಕಿಟಕಿ. ಅದೂ ಕೆಸರು ಹಿಡಿದು ತೆರೆಯುತ್ತಿರಲಿಲ್ಲ. ಹುಡುಗ ಕೆಮ್ಮುತ್ತ ಹೊರಗೆ ಬಿದ್ದ. ಅವನನ್ನು ಎಳೆಯಲು ಹೋದ ವೈನಿಗೆ ಇನ್ನೂ ಹೆಚ್ಚು ತಗುಲಿತು. ಮಿರಜಿನ ಒಂದು ಆಸ್ಪತ್ರೆಯಲ್ಲಿ ಅವರಿಗೆ ಆಮ್ಲಜನಕ ಕೊಟ್ಟರು. ಎರಡು ರಾತ್ರಿ ಇಟ್ಟುಕೊಂಡು ಕಳಿಸಿದರು. ಅದಾದ ಮೇಲೆ ಬಹಳ ದಿನ ಅವರಿಗೆ ಮೆಟ್ಟಿಲು ಹತ್ತಿದರೆ ಕೆಮ್ಮು ಬರುತ್ತಿತ್ತು.

ಆದ್ದರಿಂದ ಓದುಗ ಬಂಧು-ಭಗಿನಿಯರು ಇಷ್ಟನ್ನು ನೆನಪಿಡಬೇಕು. ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚಿನ ದ್ರವವನ್ನಾಗಲಿ ಆಸಿಡಿನೊಡನೆ ಎಂದೂ ಕೂಡಿಸಬಾರದು. ಅಂಗಡಿಯಲ್ಲಿ ಸಿಗುವ ಕಮೋಡ್ ತೊಳೆಯುವ ಬಾಟಲಿಗಳಲ್ಲಿ ಹೆಚ್ಚಿನವುಗಳಲ್ಲಿಯೂ ಇರುವುದು ಅದೇ ಹೈಡ್ರೋಕ್ಲೋರಿಕ್ ಆಸಿಡು, ಸ್ವಲ್ಪ ತೆಳುವಾಗಿರುತ್ತದೆ ಅಷ್ಟೆ. ಒಂದನ್ನು ಉಪಯೋಗಿಸಿದರೆ ಧಾರಾಳ ನೀರು ಹಾಕಿ ಪೂರ್ತಿ ಹರಿಯಬಿಟ್ಟು, ಇನ್ನೊಂದನ್ನು ಬೇರೆ ದಿನ ಉಪಯೋಗಿಸಬೇಕು. ತಪ್ಪಿ ಹೊಗೆ ಎದ್ದರೆ ಅಲ್ಲಿ ನಿಂತು ನೀರು ಸುರಿಯುವ ಸಾಹಸ ಬೇಡ. ಎಲ್ಲರೂ ಹೊರಗೆ ಗಾಳಿಗೆ ಬರಬೇಕು, ಕೆಮ್ಮು ಅಥವಾ ಎದೆಯ ಬಿಗಿತವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಗೀರು ಎಂದು ಕಂಡದ್ದೆಲ್ಲ ಗೀರಲ್ಲ

ಈಗ ದುರಸ್ತಿಯ ವಿಷಯ. ನಮ್ಮ ಮೊದಲನೆಯ ತಪ್ಪು, ಅರ್ಧ ಒಣಗಿದ ಕೆಸರನ್ನು ತಿಕ್ಕಿದ್ದು. ಹೊಳೆಯ ಕೆಸರಿನಲ್ಲಿ ಕರಿಮಣ್ಣಿನ ಜೊತೆಗೆ ಸಣ್ಣ ಮರಳು ಇರುತ್ತದೆ. ಆ ಮರಳು ಸ್ಟೀಲು ಮತ್ತು ಕಲ್ಲಿನ ಹೊಳಪನ್ನು ಕೆರೆಯಬಲ್ಲದು. ಅದನ್ನು ಬಟ್ಟೆಯಲ್ಲಿ ಒತ್ತಿ ತಿಕ್ಕಿದರೆ ನಾವೇ ಪಾಲಿಶ್ ಪೇಪರ್ ಹಿಡಿದು ಉಜ್ಜಿದಂತೆ. ಮೇಲಿನಿಂದ ನೀರು ಬಿಡುತ್ತ ಕೆಸರು ತಾನಾಗಿ ಜಾರುವವರೆಗೆ ಕಾಯಬೇಕು, ಆಮೇಲೆಯೇ ಕೈ ಹಚ್ಚಬೇಕು. ಪೂರವಿಲ್ಲದ ಮನೆಯಲ್ಲಿಯೂ ರಂಗೋಲಿಯ ಪುಡಿ, ತರಕಾರಿಯ ಮಣ್ಣು ಸಿಂಕಿನಲ್ಲಿ ಬಿದ್ದಾಗ ಇದೇ ಮಾತು.

ಬಿಳಿಯ ವಾಶ್ ಬೇಸಿನ್ನಿನಲ್ಲಿ ಕಪ್ಪು-ಬೂದು ಗೆರೆಗಳು ಕಂಡರೆ ಗೃಹಿಣಿಯರು ಗೀರು ಬಿತ್ತೆಂದು ಮರುಗುತ್ತಾರೆ. ಬಹಳ ಸಲ ಅದು ಗೀರಲ್ಲ. ಪಿಂಗಾಣಿಯ ಮೇಲಿನ ಗಾಜಿನಂಥ ಲೇಪ ಸ್ಟೀಲಿಗಿಂತ ಗಟ್ಟಿ. ತಂಬಿಗೆ, ಬಳೆ, ಉಂಗುರ ತಗುಲಿದಾಗ ಸವೆಯುವುದು ಲೋಹ. ಆ ಲೋಹದ ಎಳೆ ಪಿಂಗಾಣಿಯ ಮೇಲೆ ಸೀಸದಕಡ್ಡಿಯ ಗೆರೆಯಂತೆ ಉಳಿಯುತ್ತದೆ. ಪರೀಕ್ಷೆ ಸುಲಭ: ಉಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಎಲ್ಲಿಯೂ ತಡೆಯದಿದ್ದರೆ ಅದು ಕಲೆ. ಅಡುಗೆ ಸೋಡಾವನ್ನು ನೀರಿನಲ್ಲಿ ದಪ್ಪಗೆ ಕಲಸಿ ಮೆತ್ತನೆಯ ಬಟ್ಟೆಯಿಂದ ಐದಾರು ನಿಮಿಷ ತಿರುವಿ ತಿಕ್ಕಿದರೆ ಹೋಗುತ್ತದೆ. ಉಗುರು ತಡೆದರೆ ಅದು ನಿಜವಾದ ಗೀರು ಅಥವಾ ಬಿರುಕು.

ಬಿರುಕನ್ನು ಹುಡುಕಲು ಸಾಂಗಲಿಯವರಿಗೆ ಒಂದು ಅನುಕೂಲವಿದೆ, ನಮ್ಮ ಊರಿನ ಅರಿಷಿಣ. 2018ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದನ್ನು ಪೇಠೆಯವರಿಗೆ ಹೇಳಬೇಕಾಗಿಲ್ಲ. ಚಿಟಿಕೆ ಅರಿಷಿಣವನ್ನು ನಾಲ್ಕು ಹನಿ ಎಣ್ಣೆಯಲ್ಲಿ ಕಲಸಿ ಅನುಮಾನದ ಜಾಗಕ್ಕೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ತೆಗೆಯಿರಿ. ಲೇಪ ಗಟ್ಟಿಯಾಗಿರುವಲ್ಲಿ ಹಳದಿ ನಿಲ್ಲುವುದಿಲ್ಲ. ಬಿರುಕಿದ್ದರೆ ಕೂದಲೆಳೆಯಂಥ ಹಳದಿ ಗೆರೆ ಉಳಿಯುತ್ತದೆ. ಅಣ್ಣನ ಮನೆಯ ಬೇಸಿನ್ನಿನಲ್ಲಿ ನಾವು ಗೀರೆಂದುಕೊಂಡಿದ್ದ ಒಂದು ಗೆರೆ ಅಂಚಿನಿಂದ ನಲ್ಲಿಯ ರಂಧ್ರದವರೆಗೂ ಹೋದ ಬಿರುಕೆಂದು ಹೀಗೆಯೇ ಗೊತ್ತಾಯಿತು.

ಅರಿಷಿಣದ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ಸಿಂಕಿನ ಸುತ್ತ, ಒಲೆಯ ಕಟ್ಟೆಯ ಮೇಲೆ ಬಿದ್ದ ಅರಿಷಿಣದ ಕಲೆಗೆ ಸಾಬೂನು ಹಚ್ಚಿದೊಡನೆ ಅದು ಕೆಂಪಾಗುತ್ತದೆ. ಕ್ಷಾರ ತಗುಲಿದಾಗ ಅರಿಷಿಣದ ಗುಣವೇ ಅದು, ಕುಂಕುಮ ತಯಾರಿಕೆಯ ಮೂಲವೂ ಅದೇ. ಗಾಬರಿಯಾಗಿ ತಂತಿಬ್ರಶ್ಶು ಹುಡುಕಬೇಡಿರಿ. ಅರಿಷಿಣದ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆಯ ಬಟ್ಟೆಯಿಂದ ಒರೆಸಿ, ನಂತರ ಸಾಬೂನಿನಿಂದ ತೊಳೆದು, ಬಿಸಿಲು ಬೀಳುವ ಜಾಗವಾಗಿದ್ದರೆ ಹಾಗೇ ಬಿಡಿರಿ. ಬಿಸಿಲಿಗೆ ಆ ಬಣ್ಣ ನಿಲ್ಲುವುದಿಲ್ಲ.

ಪಿಂಗಾಣಿಯ ಚಕ್ಕೆ ಎದ್ದರೆ

ಬೇಸಿನ್ನಿನ ಅಂಚಿಗೆ ತಂಬಿಗೆ ಬಿದ್ದು ಬೆರಳಿನ ಉಗುರಿನಷ್ಟು ಚಕ್ಕೆ ಎದ್ದಿದೆಯೆಂದು ತಿಳಿಯಿರಿ. ಹಾಗೇ ಬಿಟ್ಟರೆ ಅಲ್ಲಿ ಕೊಳೆ ಕೂಡುತ್ತದೆ, ಮಳೆಗಾಲದಲ್ಲಿ ತೇವ ನಿಂತು ಜೀವೋತ್ಪತ್ತಿಯಾಗುತ್ತದೆ. ಅಂಚು ಹರಿತವಾಗಿದ್ದರೆ ಮಕ್ಕಳ ಕೈ ಕೊಯ್ಯುತ್ತದೆ. ಇದನ್ನು ತುಂಬುವುದು ಮನೆಯಲ್ಲೇ ಆಗುವ ಕೆಲಸ. ಬೇಕಾದದ್ದು ಎರಡು ಭಾಗದ ಎಪಾಕ್ಸಿ ಲಾಂಬಿ, ಅಂದರೆ ಎಮ್-ಸೀಲ್ ಅಥವಾ ಅಂಥದ್ದು, ನೀರಿನಲ್ಲಿ ಉಜ್ಜುವ ವಾಟರ್ ಪೇಪರು 400 ಮತ್ತು 1000 ನಂಬರಿನವು, ಅಂಟುಪಟ್ಟಿ, ಬಿಳಿಯ ಎಪಾಕ್ಸಿ ಬಣ್ಣ. ಎಲ್ಲವೂ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುತ್ತವೆ.

ಇಡೀ ಕೆಲಸ ಕೆಡುವುದು ತೇವದಿಂದ. ಒಡೆದ ಜಾಗದ ಒಳಗಿನ ಮಣ್ಣು ನೀರು ಕುಡಿದಿರುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಸಾಬೂನಿನಿಂದ ತೊಳೆದು, ಒಂದು ದಿನ ಪೂರ್ತಿ ಆ ನಲ್ಲಿಯನ್ನು ಬಂದು ಮಾಡಿ, ಒಣಗಿಸಿ, ಕೊನೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಬೇಕು. ಅರಿಷಿಣ-ಎಣ್ಣೆಯ ಪರೀಕ್ಷೆ ಮಾಡಿದ್ದರೆ ಈ ಕೊನೆಯ ಒರೆಸುವಿಕೆ ಅತ್ಯವಶ್ಯ. ಎಣ್ಣೆಯ ಲವಲೇಶವಿದ್ದರೂ ಲಾಂಬಿ ಹಿಡಿಯುವುದಿಲ್ಲ. ನಮ್ಮ ಮೊದಲ ಪ್ರಯತ್ನ ಮೂರನೆಯ ದಿನ ಕಳಚಿ ಕೈಗೆ ಬಂದದ್ದು ಇದೇ ಕಾರಣಕ್ಕೆ.

ಚಕ್ಕೆಯ ಸುತ್ತ ಅಂಟುಪಟ್ಟಿ ಹಚ್ಚಿರಿ. ಎರಡೂ ಭಾಗದ ಲಾಂಬಿಯನ್ನು ಸರಿಸಮ ತೆಗೆದುಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಎಲ್ಲಿಯೂ ಎರಡು ಬಣ್ಣ ಕಾಣದಂತೆ ನಾದಿರಿ. ಹೋಳಿಗೆಯ ಕಣಕ ನಾದಿದ ಕೈಗೆ ಇದು ಕಷ್ಟವಲ್ಲ, ಗಂಡಸರಿಗಿಂತ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಮಾಡುವುದನ್ನು ನಾನು ನೋಡಿದ್ದೇನೆ. ಅದನ್ನು ಒತ್ತಿ ತುಂಬಿ, ನೀರಿನಲ್ಲಿ ಅದ್ದಿದ ಬೆರಳಿನಿಂದ ಸವರಿ, ಸುತ್ತಲಿನ ಮಟ್ಟಕ್ಕಿಂತ ತುಸುವೇ ಎತ್ತರ ಬಿಡಬೇಕು. ಇಪ್ಪತ್ತನಾಲ್ಕು ತಾಸು ಮುಟ್ಟಬಾರದು. ಆಮೇಲೆ 400ರ ಪೇಪರಿನಿಂದ ನೀರು ಹಾಕುತ್ತ ಮಟ್ಟ ಮಾಡಿ, 1000ದಿಂದ ನುಣುಪು ಮಾಡಬೇಕು. ಅಂಟುಪಟ್ಟಿ ದಾಟಿ ಪೇಪರು ಪಿಂಗಾಣಿಗೆ ತಗಲಬಾರದು. ಆ ಪೇಪರಿನ ಕಣ ಪಿಂಗಾಣಿಯ ಲೇಪಕ್ಕಿಂತಲೂ ಗಟ್ಟಿ. ಒಮ್ಮೆ ಮಸುಕಾದ ಹೊಳಪು ಮನೆಯಲ್ಲಿ ಮರಳಿ ಬರುವುದಿಲ್ಲ.

ಬಣ್ಣ ಹಚ್ಚುವಾಗ ಅವಸರ ಬೇಡ. ಮಿರಜಿನ ಸಿತಾರ-ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅವನ್ನು ಮಾಡುವ ಶಿಕಲಗಾರ ಮನೆತನಗಳ ಪೂರ್ವಜರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ನುಣುಪಿನ ವಿದ್ಯೆ ಅವರ ರಕ್ತದಲ್ಲಿದೆ ಎನ್ನಬೇಕು. ಅವರ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಗೊತ್ತು, ಪಾಲಿಶಿನ ಒಂದೊಂದು ಪದರವೂ ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ನಮ್ಮ ಬೇಸಿನ್ನಿಗೂ ಅದೇ ಕ್ರಮ. ದಪ್ಪಗೆ ಒಮ್ಮೆಲೇ ಬಳಿದರೆ ಇಳಿದು ಹನಿಯಾಗಿ ನಿಲ್ಲುತ್ತದೆ. ಬಿಳಿಯಲ್ಲಿಯೂ ಹತ್ತು ಬಿಳಿಗಳಿರುತ್ತವೆ. ಒಡೆದ ಬಸಿಯ ಮೇಲೆ ಮೊದಲು ಹಚ್ಚಿ, ಒಣಗಿದ ಮೇಲೆ ಬೇಸಿನ್ನಿಗೆ ಹಿಡಿದು ನೋಡಿರಿ.

ಆದರೆ ಆರಪಾರ ಹೋದ ಬಿರುಕಿಗೆ ಈ ಉಪಾಯ ಬೇಡವೇ ಬೇಡ. ಗಡಿಗೆ ಕೊಳ್ಳುವಾಗ ಬಾರಿಸಿ ನೋಡುವಂತೆ ಬೆರಳಿನ ಗೆಣ್ಣಿನಿಂದ ಬಾರಿಸಿರಿ. ಖಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ. ಸೀಳಿದ ಕಮೋಡಿನ ಮೇಲೆ ವಯಸ್ಸಾದವರು ಕುಳಿತಾಗ ಅದು ಒಡೆದರೆ ಆಗುವ ಗಾಯ ಚಾಕುವಿನ ಗಾಯಕ್ಕಿಂತ ಕೆಟ್ಟದ್ದು. ಅಣ್ಣ ಬಿರುಕಿನ ಬೇಸಿನ್ನಿಗೂ ಲಾಂಬಿ ಮೆತ್ತಿ ನಡೆಸೋಣವೆಂದ. ವ್ಯಾಪಾರಸ್ಥನ ಲೆಕ್ಕ! ನಾನು ಒಪ್ಪಲಿಲ್ಲ. ಆ ಬೇಸಿನ್ ಬದಲಾಯಿತು. ಚಕ್ಕೆ ಎದ್ದಿದ್ದ ಒಳಬಚ್ಚಲಿನ ಎರಡನೆಯ ಬೇಸಿನ್ನನ್ನು ಮಾತ್ರ ಉಳಿಸಿಕೊಂಡೆವು.

ಸ್ಟೀಲು, ನಲ್ಲಿ, ಕಲ್ಲು

ಸ್ಟೀಲಿನ ಸಿಂಕು ತುಕ್ಕು ಹಿಡಿಯಿತೆಂದು ಅಂಗಡಿಯವನೊಡನೆ ಜಗಳವಾಡುವವರಿದ್ದಾರೆ. ಒಳ್ಳೆಯ ಸ್ಟೀಲಿನಲ್ಲಿ ಕ್ರೋಮಿಯಂ ಇದ್ದು, ಅದು ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದ ತೆಳುಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಸಿಂಕಿನ ಮೇಲೆ ಕಾಣುವ ಕೆಂಪು ಚುಕ್ಕೆ ಬಹುಮಟ್ಟಿಗೆ ಕಬ್ಬಿಣದ ತಂತಿಯ ಗುಂಜಿನಿಂದ ಮುರಿದು ಬಿದ್ದ ಚೂರಿನದು, ಅಥವಾ ರಾತ್ರಿಯಿಡೀ ಒದ್ದೆಯಲ್ಲಿಟ್ಟ ಕಬ್ಬಿಣದ ಹಂಚಿನದು. ನಿಂಬೆಯ ಹೋಳಿನಿಂದ ಉಜ್ಜಿ, ತೊಳೆದು, ಒಣಬಟ್ಟೆಯಿಂದ ಒರೆಸಿದರೆ ಸಾಕು. ಸ್ಟೀಲಿನ ಮೈಯಲ್ಲಿ ಒಂದೇ ದಿಕ್ಕಿಗೆ ಸಣ್ಣ ಗೆರೆಗಳಿರುತ್ತವೆ, ನೈಲಾನ್ ಉಜ್ಜುಗವನ್ನು ಆ ಗೆರೆಗಳ ದಿಕ್ಕಿಗೇ ಎಳೆಯಬೇಕು. ಗುಂಡಗೆ ತಿರುವಿದರೆ ಹೊಸ ಗೀರುಗಳು ಎದ್ದು ಕಾಣುತ್ತವೆ. ಸ್ಟೀಲಿನ ನಿಜವಾದ ವೈರಿ ಬ್ಲೀಚಿಂಗ್ ಪುಡಿ ಮತ್ತು ಆಸಿಡು. ಅವು ಪೊರೆಯನ್ನು ತಿಂದು ಸೂಜಿಮೊನೆಯಂಥ ರಂಧ್ರ ಮಾಡುತ್ತವೆ, ಅದಕ್ಕೆ ಮದ್ದಿಲ್ಲ.

ನಲ್ಲಿಗಳ ವಿಷಯದಲ್ಲಿ ನಮ್ಮ ಮನೆಗಳದೇ ಒಂದು ರೂಢಿಯಿದೆ. ನೀರು ಗಾಳಿಸುವ ಬಟ್ಟೆಯನ್ನು ನಲ್ಲಿಯ ಬಾಯಿಗೆ ಕಟ್ಟಿ ಹಾಗೇ ಬಿಡುವುದು. ಸದಾ ಒದ್ದೆಯಾದ ಬಟ್ಟೆಯ ಕೆಳಗೆ ನೀರಿನ ಸುಣ್ಣ ಬಿಳಿಯ ಬಳೆಯಂತೆ ಗಟ್ಟಿಯಾಗುತ್ತದೆ, ಕಾಲಾಂತರದಲ್ಲಿ ಮೇಲಿನ ಕ್ರೋಮು ಏಳುತ್ತದೆ. ಒದ್ದೆಯಾಗಿಯೇ ಇರುವ ಬಟ್ಟೆಯಲ್ಲಿ ಜೀವಗಳ ಉತ್ಪತ್ತಿಯೂ ಆಗುವುದರಿಂದ, ಗಾಳಿಸುವ ಉದ್ದೇಶವೇ ಕೆಡುತ್ತದೆ. ಅವ್ವ ಮೊದಲಿನಿಂದಲೂ ಬಟ್ಟೆ ಬಿಚ್ಚಿ, ಜೀವಾಣಿ ಮಾಡಿ, ಹಿಂಡಿ ಒಣಹಾಕುವವಳು. ಅವಳ ಅಡುಗೆಮನೆಯ ನಲ್ಲಿಗೆ ಆ ಬಿಳಿಬಳೆ ಇಲ್ಲ. ನನ್ನ ಮನೆಯದಕ್ಕೆ ಇತ್ತು. ಬೋರಿನ ಗಡುಸು ನೀರಿನ ಇಂಥ ಕಲೆಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ತಾಸು ಸುತ್ತಿಟ್ಟು, ಮೆತ್ತಗಾದ ಮೇಲೆ ಒರೆಸಿ, ನೀರಿನಿಂದ ಚೆನ್ನಾಗಿ ತೊಳೆಯಬೇಕು. ರಾತ್ರಿಯಿಡೀ ಬಿಡಬಾರದು. ಕ್ರೋಮು ಎದ್ದು ಒಳಗಿನ ಹಿತ್ತಾಳೆ ಕಾಣಿಸಿದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಬೆಳ್ಳಿಬಣ್ಣದ ಡಬ್ಬಿಯಿಂದ ಸಿಂಪಡಿಸಿದ್ದು ತಿಂಗಳೊಪ್ಪತ್ತಿನಲ್ಲಿ ಸುಲಿಯುತ್ತದೆ.

ಇನ್ನು ಕಡಪಾ ಕಲ್ಲು. ಸಾಂಗಲಿ-ಮಿರಜಿನ ಹಳೆಯ ಮನೆಗಳಲ್ಲಿ ಒಲೆಯ ಕಟ್ಟೆಗೆ ಕಡಪಾ, ನೆಲಕ್ಕೆ ಶಹಾಬಾದಿ. ಎರಡೂ ಸುಣ್ಣದ ಕಲ್ಲುಗಳು. ಹುಳಿ ತಗುಲಿದರೆ ಸುಣ್ಣ ಕರಗುತ್ತದೆ. ಹುಣಸೆಯ ನೀರು, ನಿಂಬೆಯ ರಸ, ಮೇಲೆ ಹೇಳಿದ ವಿನೆಗರು, ಇವು ಬಿದ್ದಲ್ಲಿ ಕರಿಯ ಕಲ್ಲು ಬಿಳಿಚುತ್ತದೆ. ಅದನ್ನು ಕಲೆಯೆಂದು ತಿಳಿದು ಮತ್ತೆ ನಿಂಬೆಹಣ್ಣನ್ನೇ ತಿಕ್ಕುವವರನ್ನು ಕಂಡಿದ್ದೇನೆ! ಮೊಸಾಯಿಕ್ ನೆಲದಲ್ಲಿರುವ ಸಂಗಮರವರಿ ಚೂರುಗಳಿಗೂ ಸಿಮೆಂಟಿಗೂ ಇದೇ ಗತಿ. ಅಣ್ಣನ ಮನೆಯ ಬಚ್ಚಲಿನಲ್ಲಿ ಆಸಿಡ್ ಹರಿದ ದಾರಿ ಇಂದಿಗೂ ಒರಟಾಗಿ ಕಾಲಿಗೆ ತಗಲುತ್ತದೆ. ಗ್ರಾನೈಟಿಗೆ ಇಷ್ಟು ಬೇಗ ಏನೂ ಆಗುವುದಿಲ್ಲ.

ಬಿಳಿಚಿದ ಕಡಪಾವನ್ನು ಸರಿಪಡಿಸಬಹುದು. 400, 600, 1000, ಹೀಗೆ ವಾಟರ್ ಪೇಪರಿನ ನಂಬರು ಏರಿಸುತ್ತ, ಪ್ರತಿ ಸಲ ನೀರಿನಿಂದ ತೊಳೆಯುತ್ತ, ಚಪ್ಪಟೆಯ ಮರದ ತುಂಡಿಗೆ ಪೇಪರು ಸುತ್ತಿ ಉಜ್ಜಬೇಕು. ಒಂದು ಮೊಳದ ಜಾಗಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ, ತೋಳು ನೋಯುತ್ತದೆ. ಕೊನೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಮರಳುತ್ತದೆ, ಅದನ್ನು ಆಗಾಗ ಸವರುತ್ತಿರಬೇಕು. ಅಂಚಿನ ಚಕ್ಕೆ ಎದ್ದಿದ್ದರೆ ಆ ಉಜ್ಜಿದ ಕಲ್ಲಿನ ಪುಡಿಯನ್ನು ಒಣಗಿಸಿ, ಅರಾಲ್ಡೈಟಿನಲ್ಲಿ ಕಲಸಿ ತುಂಬಿರಿ. ಅದೇ ಕಲ್ಲಿನ ಪುಡಿಯಾದ್ದರಿಂದ ಬಣ್ಣ ಸಮೀಪ ಬರುತ್ತದೆ. ಟೈಲ್ಸ್ ಸಂದಿನ ಬಿಳಿ ಸಿಮೆಂಟು ಉದುರಿದ್ದರೆ, ಸಡಿಲಾದದ್ದನ್ನು ಕೆರೆದು ತೆಗೆದು, ಸಂದು ತೋಯಿಸಿ, ಹೊಸದನ್ನು ತುಂಬಿ, ಎರಡು ದಿನ ನೀರು ಚಿಮುಕಿಸಿದರಾಯಿತು. ಕೆರೆಯುವ ಮುಂಚೆ ಸಂದಿನಲ್ಲಿ ಇರುವೆಗಳಿದ್ದರೆ ಒಂದು ದಿನ ಆ ಮೂಲೆಗೆ ನೀರು ಬೀಳದಂತೆ ಬಿಟ್ಟು, ಅವು ಹೊರಟುಹೋಗಲು ಅವಕಾಶ ಕೊಡುವುದು ಒಳ್ಳೆಯದು.

ಖರ್ಚಿನ ಲೆಕ್ಕ ಕೇಳುವ ಓದುಗರಿಗಾಗಿ: ಅಣ್ಣನ ಮನೆಯಲ್ಲಿ ಹೊಸ ಬೇಸಿನ್ ಒಂದನ್ನು ಬಿಟ್ಟರೆ ಉಳಿದ ಎಲ್ಲ ಸಾಮಾನು ಒಂದು ಕೈಚೀಲದಲ್ಲಿ ಬಂದಿತ್ತು. ವೈನಿಯ ಆಸ್ಪತ್ರೆಯ ಬಿಲ್ಲು ಅದರ ಹತ್ತಾರು ಪಟ್ಟು. ಕೀರ್ದಿಯಲ್ಲಿ ಅಣ್ಣ ಎರಡನ್ನೂ ಒಂದೇ ಪುಟದಲ್ಲಿ ಬರೆದಿದ್ದಾನೆ.

ಹಬ್ಬದ ಹಿಂದಿನ ದಿನ ಅವ್ವ ಮನೆಗೆ ಬಂದಳು. ನಾವು ಹೆಮ್ಮೆಯಿಂದ ತೋರಿಸಿದ ಬೇಸಿನ್ನಿನ ಕಡೆಗೆ ನೋಡಲೇ ಇಲ್ಲ. ನೇರ ಕಡಪಾ ಕಟ್ಟೆಯ ಹತ್ತಿರ ಹೋಗಿ, ಕೈಯಿಂದ ಈ ತುದಿಯಿಂದ ಆ ತುದಿಗೆ ಸವರಿದಳು. "ಇಲ್ಲೊಂಚೂರು ತೆಗ್ಗ ಉಳದೈತಿ ನೋಡೋ" ಎಂದಳು. ಉಳಿದಿತ್ತು. ಮರುದಿನ ಅದೇ ಕಟ್ಟೆಯ ಮೇಲೆ ಅವಳ ಪಾರಣೆಯಿಲ್ಲದ ಮೊದಲ ದಿನದ ಏಕಾಶನದ ಅಡುಗೆಯಾಯಿತು. 2021ರ ಜುಲೈಯಲ್ಲಿ ನೀರು ಮತ್ತೆ 54 ಅಡಿಗೆ ಬಂದಾಗ ನಾವು ತಂತಿಬ್ರಶ್ಶು ಒಯ್ಯಲಿಲ್ಲ, ಆಸಿಡಿನ ಬಾಟಲಿಯನ್ನಂತೂ ವೈನಿ ಮನೆಯೊಳಗೇ ಬಿಡಲಿಲ್ಲ. ಎಪಾಕ್ಸಿ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಒಳಬಚ್ಚಲಿನ ಬೇಸಿನ್ನಿನ ಆ ತೇಪೆ ಈಗ ಕೆನೆಯ ಬಣ್ಣಕ್ಕೆ ಬಂದಿದೆ. ಬರುವ ದೀಪಾವಳಿಗೆ ಇನ್ನೊಂದು ಕೈ ಬಣ್ಣ ಹಚ್ಚಬೇಕು.